ಮನೆಯ ಮಾತು: ಬೊಂಬೆಗಳನ್ನು ಕೂರಿಸುವ ಕ್ರಮ

ಪಿತೃಪಕ್ಷವು ಮುಗಿಯುತ್ತ ಬಂದಿತೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುವ ಕಾಲವಾಯಿತು. ಆಶ್ವಯುಜ ಶುದ್ಧ ಪಾಡ್ಯದಿಂದ ವಿಜಯದಶಮಿಯವರೆಗೆ ಬೊಂಬೆಗಳನ್ನು ಕೂರಿಸುವ ಪದ್ಧತಿಯು ಹಳೆಯ ಮೈಸೂರು ಪ್ರಾಂತದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರ ಶಾಸ್ತ್ರವನ್ನು ವಾಚಕರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಆದರೆ ಅನೇಕ ಗೃಹಿಣಿಯರು ನಮ್ಮೊಡನೆ ಆಡಿರುವ ಒಂದು ಕೊರಗಿದೆ. ಮನೆಯಲ್ಲಿ ಬೊಂಬೆಗಳು ನೂರಿವೆ, ಮೆಟ್ಟಿಲುಗಳು ಒಂಬತ್ತಿವೆ, ದೀಪಗಳಿಗೆ ಕೊರತೆಯಿಲ್ಲ. ಆದರೂ ಬಂದವರು ಒಮ್ಮೆ ಕಣ್ಣು ಹಾಯಿಸಿ, "ಚೆನ್ನಾಗಿದೆ" ಎಂದು ಹೇಳಿ, ಕುಂಕುಮ ತೆಗೆದುಕೊಂಡು ಹೊರಟುಬಿಡುವರು. ಬೊಂಬೆಯ ಮುಂದೆ ನಿಲ್ಲುವವರೇ ಇಲ್ಲ. ಇದಕ್ಕೆ ಕಾರಣವೇನು?

ನಮ್ಮ ಮನೆಯಲ್ಲಿಯೂ ಕೆಲವು ವರ್ಷಗಳ ಹಿಂದೆ ಇದೇ ಸ್ಥಿತಿಯಿದ್ದಿತು. ನಮ್ಮದು ತರೀಕೆರೆಯ ಕಡೆಯ, ಅಮೃತಾಪುರಕ್ಕೆ ಸಮೀಪದ ಹಳ್ಳಿ. ಅತ್ತೆಯವರು ತೀರಿಕೊಂಡ ಮೇಲೆ ಬೊಂಬೆಯ ಪೆಟ್ಟಿಗೆಯು ನಮ್ಮ ಕೈಗೆ ಬಂದಿತು. ಆ ವರ್ಷ ನಾವು ಬಹಳ ಮುತುವರ್ಜಿಯಿಂದ ಎತ್ತರಕ್ಕೆ ತಕ್ಕಂತೆ ಬೊಂಬೆಗಳನ್ನು ಸಾಲಿಟ್ಟು, ಬಣ್ಣಕ್ಕೆ ಬಣ್ಣ ಹೊಂದಿಸಿ, ಮಿನುಗುವ ದೀಪಗಳ ಸರವನ್ನು ಇಳಿಬಿಟ್ಟೆವು. ಅಂಗಡಿಯ ಮುಂಭಾಗದಂತೆ ಅಚ್ಚುಕಟ್ಟಾಗಿ ಕಂಡಿತು. ಸಂಜೆ ನಮ್ಮ ಮೊಮ್ಮಗಳು, ಆಗ ಅವಳಿಗೆ ಆರು ವರ್ಷ, ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ನಿಂತಿದ್ದ ಒಂದು ಮಣ್ಣಿನ ಬೊಂಬೆಯನ್ನು ತೋರಿಸಿ, "ಇದು ಯಾರು ಅಜ್ಜಿ?" ಎಂದು ಕೇಳಿದಳು. ರಾಜ, ಎಂದೆವು. "ಯಾವ ರಾಜ? ಕೈಯಲ್ಲಿ ಏನು ಹಿಡಿದಿದ್ದ?" ನಮಗೆ ತಿಳಿಯದು. ಹಿಡಿದದ್ದು ಎಂದೋ ಮುರಿದುಹೋಗಿದ್ದಿತು. ಹುಡುಗಿಯು ಒಂದು ನಿಮಿಷ ಕಾದು, ತನ್ನ ಚೀಲವನ್ನು ತಂದು, ಅದರೊಳಗಿನ ಹದಿನಾಲ್ಕು ಪ್ಲಾಸ್ಟಿಕ್ ವೀರರನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿಕೊಂಡಳು. ಅವರಲ್ಲಿ ಒಬ್ಬೊಬ್ಬನ ಹೆಸರು, ಅವನ ಶಕ್ತಿ, ಅವನ ಶತ್ರು, ಅವನು ಯಾರಿಗೆ ಗೆಳೆಯ ಎಂಬುದೆಲ್ಲ ಅವಳಿಗೆ ಕಂಠಪಾಠವಾಗಿದ್ದಿತು. ನಮ್ಮ ಐದು ಮೆಟ್ಟಿಲುಗಳ ಮೇಲಿನ ಬೊಂಬೆಗಳಲ್ಲಿ ಅರ್ಧಕ್ಕೆ ನಮಗೆ ಹೆಸರು ಗೊತ್ತಿರಲಿಲ್ಲ. ಆ ರಾತ್ರಿ ನಮಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುವೆವು.

ಮರುದಿನ ಅವಳನ್ನು ಕರೆದುಕೊಂಡು ಅಮೃತಾಪುರದ ಅಮೃತೇಶ್ವರ ದೇವಾಲಯಕ್ಕೆ ಹೋದೆವು. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯಿದು. ಇದರ ತೆರೆದ ಮಂಟಪದ ಹೊರಗೋಡೆಯ ಸುತ್ತ ಪುರಾಣಕಥೆಗಳ 140 ಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70; ಉತ್ತರದಲ್ಲಿ ಕೃಷ್ಣಲೀಲೆಯ 25, ಮಹಾಭಾರತದ 45. ಮಗುವಿಗೆ ರಾಮಾಯಣವನ್ನು ಹೇಳುತ್ತ ಪ್ರದಕ್ಷಿಣೆ ಬರೋಣವೆಂದು ಹೊರಟರೆ, ನಾಲ್ಕು ಹೆಜ್ಜೆಗೇ ಅವಳು, "ಅಜ್ಜಿ, ಕಥೆ ಹಿಂದಕ್ಕೆ ಹೋಗುತ್ತಿದೆ!" ಎಂದಳು. ನಿಜವೇ. ದಕ್ಷಿಣದ ಗೋಡೆಯಲ್ಲಿ ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುವವರಿಗೆ ಕಥೆಯ ಕೊನೆಯೇ ಮೊದಲು ಎದುರಾಗುತ್ತದೆ. ಉತ್ತರದ ಗೋಡೆಯ ಕಥೆಗಳು ಮಾತ್ರ ಪ್ರದಕ್ಷಿಣ ಕ್ರಮದಲ್ಲಿವೆ. ನಾವು ಗೋಡೆಯ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಹಿಂದಿರುಗಿ ನಡೆದೆವು. ಆಗ ನೋಡಬೇಕಾಗಿದ್ದಿತು! ಮಗುವು ಒಂದೊಂದು ಫಲಕದ ಮುಂದೆಯೂ ನಿಂತು, ಮುಂದಿನದನ್ನು ತಾನೇ ಊಹಿಸುತ್ತ, ನಮ್ಮ ಸೆರಗನ್ನು ಹಿಡಿದು ಎಳೆಯುತ್ತ ಬಂದಳು.

ಇತರ ಅನೇಕ ಹೊಯ್ಸಳ ಗುಡಿಗಳಲ್ಲಿ ಇಂತಹ ಕಥಾಶಿಲ್ಪವು ಬಹು ಸಣ್ಣದು. ಕಣ್ಣನ್ನು ಗೋಡೆಗೆ ಹತ್ತಿಸಿ ನೋಡಬೇಕು. ಇಲ್ಲಿನ ಫಲಕಗಳು ಅವಕ್ಕಿಂತ ದೊಡ್ಡವು. ಶಿಲ್ಪಿಯು ಕಲ್ಲಿನ ಮೇಲೆ ಎಲ್ಲವನ್ನೂ ಒಮ್ಮೆಗೇ ತುಂಬುವ ಆಸೆಯನ್ನು ಬಿಟ್ಟಿದ್ದಾನೆ. ಅಂಗಳದಲ್ಲಿ ನಿಂತಿದ್ದಾಗಲೇ ನಮ್ಮ ಮನೆಯ ಮೆಟ್ಟಿಲುಗಳ ದೋಷವು ನಮಗೆ ಹೊಳೆಯಿತು. ನಾವು ಬೊಂಬೆಗಳನ್ನು ಸೇರಿಸಿದ್ದೆವು; ಕಥೆಗಳನ್ನು ಕೂರಿಸಿರಲಿಲ್ಲ.

ಆದರೆ ಕಥೆಯನ್ನು ಕೂರಿಸಬೇಕಾದರೆ ಬೊಂಬೆ ಯಾರೆಂದು ಮೊದಲು ತಿಳಿಯಬೇಕಷ್ಟೆ. ಅಜ್ಜಂಪುರದಲ್ಲಿ ಮನೆಯವರ ಸೋದರತ್ತೆಯೊಬ್ಬರು ಆಗ ಇದ್ದರು. ಎಂಬತ್ತೇಳು ವರ್ಷ, ಕಣ್ಣು ಮಂಜು. ಹಬ್ಬವು ಕಳೆದ ಮೇಲೆ 43 ಹಳೆಯ ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಅವರ ಬಳಿಗೆ ಒಯ್ದೆವು. ಅವರು ಒಂದೊಂದನ್ನೂ ಮಡಿಲಿನಲ್ಲಿಟ್ಟುಕೊಂಡು ಕೈಯಿಂದ ಸವರಿ ಗುರುತಿಸುತ್ತ ಹೋದರು. ಕೈ ಚಾಚಿದ ಅರಸನು ಬಲಿ ಚಕ್ರವರ್ತಿ. ಅವನ ಕೈಯಲ್ಲಿದ್ದದ್ದು ಧಾರೆಯೆರೆಯುವ ಗಿಂಡಿ. ನಮ್ಮ ಮಾವನವರು ಚಿಕ್ಕಂದಿನಲ್ಲಿ ಅದನ್ನು ಕಿತ್ತು, ಪೆಟ್ಟು ತಿಂದಿದ್ದರಂತೆ. ನಾವು ಇಷ್ಟು ಕಾಲವೂ ಹೆಣ್ಣುಮಕ್ಕಳ ಬೊಂಬೆಗಳ ಸಾಲಿನಲ್ಲಿ ಕೂರಿಸುತ್ತಿದ್ದ, ಕೊಡೆಯನ್ನು ಕಳೆದುಕೊಂಡ ಒಂದು ಗಿಡ್ಡ ಬೊಂಬೆಯನ್ನು ಎತ್ತಿಕೊಂಡು, "ಏನಮ್ಮಾ, ವಾಮನನನ್ನು ತಂದು ಮದುವೆಯ ಹೆಣ್ಣುಗಳ ಜೊತೆಗೆ ಕೂರಿಸಿದ್ದೀಯಲ್ಲ!" ಎಂದು ನಕ್ಕರು. 43ರಲ್ಲಿ 31ಕ್ಕೆ ಅವರು ಹೆಸರು ಹೇಳಿದರು. ಯಾವುದು ಯಾರ ಮದುವೆಯಲ್ಲಿ ತವರಿನಿಂದ ಬಂದಿತು, ಯಾವುದನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬುದನ್ನೂ ಹೇಳಿದರು. ಉಳಿದ 12ನ್ನು ನಾಳೆ ನೋಡೋಣ, ದಣಿವಾಗಿದೆ, ಎಂದರು. ಆ ನಾಳೆಯನ್ನು ನಾವು ಮುಂದಕ್ಕೆ ಹಾಕುತ್ತ ಬಂದೆವು. ಮುಂದಿನ ದಸರೆಗೆ ಅವರಿರಲಿಲ್ಲ.

ಆದುದರಿಂದ ಸೋದರಿಯರಲ್ಲಿ ನಮ್ಮ ಮೊದಲ ವಿಜ್ಞಾಪನೆಯೆಂದರೆ, ಹೊಸ ಬೊಂಬೆಯನ್ನು ಕೊಳ್ಳುವ ಮೊದಲು, ಮೆಟ್ಟಿಲುಗಳಿಗೆ ಬಣ್ಣ ಬಳಿಸುವ ಮೊದಲು, ಮನೆಯ ಹಿರಿಯರ ಬಳಿ ಒಂದು ಮಧ್ಯಾಹ್ನ ಕುಳಿತು ಕೇಳಿ ಬರೆದುಕೊಳ್ಳಿರಿ. ಒಂದು ನೋಟುಪುಸ್ತಕ ಸಾಕು. ಬೊಂಬೆಯ ತಳದಲ್ಲಿ ಸೀಸದ ಕಡ್ಡಿಯಿಂದ ಒಂದು ಅಂಕಿಯನ್ನು ಹಾಕಿ, ಪುಸ್ತಕದಲ್ಲಿ ಆ ಅಂಕಿಯ ಎದುರಿಗೆ ಹೆಸರು, ಜೊತೆಗಾರರು, ಬಂದ ವರ್ಷ, ಕೊಟ್ಟವರು ಇಷ್ಟನ್ನು ಬರೆಯತಕ್ಕದ್ದು. ಅಂಟುಚೀಟಿ ಬೇಡ, ಅದರ ಅಂಟು ಬಣ್ಣವನ್ನು ಕಿತ್ತುಕೊಂಡೇ ಬರುತ್ತದೆ. ಹೆಸರು ಬರೆಯುವುದು ಹೊಸ ಕಾಲದ ಚಪಲವೆಂದು ಯಾರಾದರೂ ಹೇಳಿದರೆ, ಅಮೃತಾಪುರದಲ್ಲಿಯೂ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನು ಸೋಮನಾಥಪುರದ ವಿಗ್ರಹಗಳ ಅಡಿಯಲ್ಲಿ ತನ್ನ ಹೆಸರನ್ನು ಕೊರೆದಿರುವುದನ್ನು ತೋರಿಸಿರಿ.

ಇನ್ನು ಕೂರಿಸುವ ವಿಷಯ. ಮೆಟ್ಟಿಲುಗಳು ಬೆಸವಾಗಿರಬೇಕೆಂಬುದು ರೂಢಿ, ಮೂರಾದರೂ ಸರಿಯೆ. ನಮ್ಮವು ಐದು, ಒಂದೊಂದರ ಎತ್ತರ 9 ಅಂಗುಲ, ಅಗಲ 12 ಅಂಗುಲ. ಮುಂದಿನ ಮೆಟ್ಟಿಲಿನ ಬೊಂಬೆಯು 9 ಅಂಗುಲಕ್ಕಿಂತ ಬಹಳ ಹೆಚ್ಚಾಗಿದ್ದರೆ ಹಿಂದಿನದರ ಮೈಯನ್ನು ಮುಚ್ಚುವುದು ಖಂಡಿತ. ದೊಡ್ಡವನ್ನು ತುದಿಗಳಿಗೆ ಸರಿಸಿರಿ. ಮೇಲಿನ ಮೆಟ್ಟಿಲು ಕಲಶಕ್ಕೂ ಪಟ್ಟದ ಬೊಂಬೆಗಳಿಗೂ ಮೀಸಲು. ಮದುವೆಯಲ್ಲಿ ತವರಿನವರು ಕೊಟ್ಟ ಆ ಮರದ ರಾಜರಾಣಿಯರಿಗೆ ಪ್ರತಿವರ್ಷವೂ ಹೊಸ ಬಟ್ಟೆಯನ್ನು ಉಡಿಸುವುದಲ್ಲದೆ, ಅವರ ಪಕ್ಕದಲ್ಲಿ ಯಾರನ್ನೂ ಒತ್ತಾಗಿ ನಿಲ್ಲಿಸಬಾರದು. ಅರಸನ ಸುತ್ತ ತೆರಪಿದ್ದರೇ ಅರಸನೆನಿಸುವುದು.

ಕಥೆಯ ಮೆಟ್ಟಿಲು ಯಾವುದಾಗಿರಬೇಕೆಂಬುದನ್ನು ದೊಡ್ಡವರ ಕಣ್ಣಿನಿಂದ ನಿರ್ಣಯಿಸುವುದು ಎಲ್ಲರೂ ಮಾಡುವ ತಪ್ಪು. ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 40 ಅಂಗುಲದ ಮೇಲಿರುತ್ತದೆ. ನಮ್ಮ ನಾಲ್ಕನೆಯ ಮೆಟ್ಟಿಲು 36 ಅಂಗುಲದಲ್ಲಿದೆ. ಅಲ್ಲಿ ನಿಂತ 8 ಅಂಗುಲದ ಬೊಂಬೆಯ ಮುಖವು ಮಗುವಿನ ಮುಖಕ್ಕೆ ನೇರವಾಗಿ ಬರುತ್ತದೆ. ಬಲಿ, ವಾಮನ, ಶುಕ್ರಾಚಾರ್ಯರು ಈಗ ಇರುವುದು ಅಲ್ಲಿಯೇ. ಕಥೆಯು ಎತ್ತ ಕಡೆಯಿಂದ ಆರಂಭವಾಗಬೇಕೆಂಬುದನ್ನು ಬಾಗಿಲನ್ನು ನೋಡಿ ಗೊತ್ತುಮಾಡಬೇಕು. ಬರುವವರು ಯಾವ ತುದಿಯನ್ನು ಮೊದಲು ಸೇರುವರೋ ಆ ತುದಿಯಲ್ಲಿ ಮೊದಲ ಬೊಂಬೆ. ಒಂದೇ ಕಥೆಯ ಬೊಂಬೆಗಳ ನಡುವೆ ಎರಡು ಬೆರಳಿನ ಅಂತರ, ಕಥೆ ಕಥೆಗಳ ನಡುವೆ ಒಂದು ಗೇಣು. ಹೀಗೆ ಮಾಡಿದರೆ ಎಲ್ಲವೂ ಹಿಡಿಸುವುದಿಲ್ಲವಲ್ಲ, ಎಂದು ಕೇಳಬಹುದು. ಹಿಡಿಸದಿರಲಿ. ಈ ವರ್ಷ ದಶಾವತಾರ, ಬರುವ ವರ್ಷ ಮದುವೆಯ ದಿಬ್ಬಣ. ಪೆಟ್ಟಿಗೆಯಲ್ಲಿ ಉಳಿದ ಬೊಂಬೆಗೆ ಅವಮಾನವಿಲ್ಲ. ಇನ್ನೊಂದರ ಬೆನ್ನ ಹಿಂದೆ ನಿಂತ ಬೊಂಬೆಗೆ ಉಂಟು.

ಜಪಾನಿನಲ್ಲಿ ಮಾರ್ಚಿ 3ರಂದು ಹೆಣ್ಣುಮಕ್ಕಳಿಗಾಗಿ ಆಚರಿಸುವ ಬೊಂಬೆಯ ಹಬ್ಬವು ನಮ್ಮದನ್ನು ಬಹಳವಾಗಿ ಹೋಲುತ್ತದೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು. ಮೇಲೆ ಚಕ್ರವರ್ತಿ ದಂಪತಿಗಳು, ಅವರ ಕೆಳಗೆ ಮೂವರು ಪರಿಚಾರಿಕೆಯರು, ಅದಕ್ಕೂ ಕೆಳಗೆ ಐವರು ವಾದ್ಯಗಾರರು. ಯಾರ ಮನೆಗೆ ಹೋದರೂ ಇದೇ ಕ್ರಮ. ಹಬ್ಬ ಕಳೆದ ಮೇಲೆ ಬೊಂಬೆಗಳನ್ನು ತೆಗೆದಿಡಲು ತಡಮಾಡಿದರೆ ಮನೆಯ ಮಗಳ ಮದುವೆ ತಡವಾಗುವುದೆಂದು ಅಲ್ಲಿಯ ತಾಯಂದಿರು ಹೆದರುವರಂತೆ! ಬಟ್ಟೆಯ ಮಾತು ಬಂದುದರಿಂದ ಹೇಳುವೆವು: ನಮ್ಮ ಬೊಂಬೆಗಳ ಬಣ್ಣಗಳು ಗಾಢವಾದುವು, ಅವಕ್ಕೆ ತೊಳೆದ ಬಿಳಿಯ ಪಂಚೆಗಿಂತ ಒಳ್ಳೆಯ ಹಾಸು ಇಲ್ಲ. ಜರಿಯ ಬಟ್ಟೆಯು ಬೊಂಬೆಯ ಕಳೆಯನ್ನು ತಾನೇ ನುಂಗುತ್ತದೆ. ಮಿನುಗುವ ದೀಪಗಳೂ ಹಾಗೆಯೇ. ಬಿಸಿಯಾಗದ ಎಲ್.ಇ.ಡಿ. ದೀಪವೊಂದನ್ನು ಪಕ್ಕದಲ್ಲಿ, ಸ್ವಲ್ಪ ಮೇಲಿನಿಂದ ಬೀಳುವಂತೆ ಸ್ಥಿರವಾಗಿ ಇಟ್ಟರೆ ಬೊಂಬೆಯ ಮೂಗು, ತುಟಿ, ಮಡಿಕೆಗಳಿಗೆ ನೆರಳು ಬಂದು ಜೀವ ಬರುತ್ತದೆ.

ಮೊಮ್ಮಗಳ ಪ್ಲಾಸ್ಟಿಕ್ ವೀರರನ್ನು ಏನು ಮಾಡಬೇಕು? ನಮ್ಮ ನೆರೆಯ ಹಿರಿಯರೊಬ್ಬರು ಅವುಗಳನ್ನು ಬೊಂಬೆಗಳ ಬಳಿ ಸೇರಿಸಲೇ ಕೂಡದೆಂದರು. ನಮ್ಮ ಅಭಿಪ್ರಾಯ ಬೇರೆ. ಶೆಟ್ಟಿ ಶೆಟ್ಟಮ್ಮನ ಅಂಗಡಿಯನ್ನು ಮೆಟ್ಟಿಲಿಗೆ ತಂದವರು ಕೂಡ ತಮ್ಮ ಕಾಲದಲ್ಲಿ ಕಂಡುದನ್ನೇ ತಂದರು. ಮೆಟ್ಟಿಲುಗಳ ಮುಂದಿನ ನೆಲವು ಹಿಂದಿನಿಂದಲೂ ಮಕ್ಕಳ ರಾಜ್ಯ. ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನು ಚೆಲ್ಲಿದರೆ ಹಸಿರು ಹುಲ್ಲುಗಾವಲು ಸಿದ್ಧ. ಅಲ್ಲಿ ಅಡಿಕೆಯ ತೋಟ, ಕೆರೆಯ ಏರಿ, ಬಸ್ಸು, ಅದರೊಳಗೆ ಅವಳ ಹದಿನಾಲ್ವರೂ ಪ್ರಯಾಣಿಕರು! ಒಂದೇ ನಿಯಮವನ್ನು ಮಾಡಿದೆವು: ಆರತಿಗೆ ಬಂದ ಮಕ್ಕಳಿಗೆ ತನ್ನ ಬೊಂಬೆಯ ಕಥೆಯೊಂದನ್ನು ಹೇಳಿದರೆ, ಮೇಲಿನ ಬೊಂಬೆಯ ಕಥೆಯೊಂದನ್ನೂ ಹೇಳಬೇಕು. ಬೊಂಬೆ ಬಾಗಿನದ ಕೊಬ್ಬರಿ ಮಿಠಾಯಿಯು ಕಥೆ ಮುಗಿದ ಮೇಲೆ.

ರಕ್ಷಣೆಯ ವಿಷಯದಲ್ಲಿ ನಮ್ಮದೇ ಒಂದು ಅಪರಾಧವನ್ನು ಹೇಳಿಬಿಡುವೆವು. ಪೆಟ್ಟಿಗೆ ಬಂದ ಮೊದಲ ವರ್ಷ ಧೂಳನ್ನು ತೆಗೆಯಲೆಂದು ಒದ್ದೆ ಬಟ್ಟೆಯಿಂದ ಒಂದು ಗೌರಿಯ ಬೊಂಬೆಯನ್ನು ಒರಸಿದೆವು. ಎಡಗಣ್ಣು ಬಟ್ಟೆಗೆ ಬಂದಿತು. ಮಣ್ಣಿನ ಬೊಂಬೆಗೂ, ಕಾಗದದ ರೊಟ್ಟಿನ ಬೊಂಬೆಗೂ ನೀರು ಸೋಕಬಾರದು. ಕೊಪ್ಪಳದ ಕಡೆಯ ಕಿನ್ನಾಳದ ಬೊಂಬೆಯು ಮರದ್ದಾದರೂ ಅದರ ಮೇಲ್ಮೈಯಲ್ಲಿ ಹುಣಿಸೆಬೀಜದ ಅಂಟು ಸೇರಿರುವುದರಿಂದ ಅದಕ್ಕೂ ನೀರು ಶತ್ರುವೇ. ಚನ್ನಪಟ್ಟಣದ ಬೊಂಬೆಯ ಮಾತು ಬೇರೆ. ಹಾಲೆಮರವನ್ನು ಚರಕಿಯಲ್ಲಿ ತಿರುಗಿಸಿ, ಅರಗನ್ನು ಒತ್ತಿ, ತಿಕ್ಕಾಟದ ಬಿಸಿಯಿಂದಲೇ ಬಣ್ಣ ಹಿಡಿಸಿರುವುದರಿಂದ ಒಣಬಟ್ಟೆಯಿಂದ ಉಜ್ಜಿದಷ್ಟೂ ಹೊಳೆಯುತ್ತದೆ, ಆದರೆ ಬಿಸಿಲು ಬೇಡ. ಉಳಿದವಕ್ಕೆ ಮೃದುವಾದ ಕುಂಚವೇ ಸಾಕು. ಹಳೆಯ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಹಗುರವಾದ ಸೆಲ್ಯುಲಾಯ್ಡ್ ಬೊಂಬೆಗಳು ಸಿಗುವುದುಂಟು. ಅವು ಕಿಡಿ ತಾಗಿದರೆ ಭಗ್ಗನೆ ಉರಿಯತಕ್ಕವು. ಆರತಿಯ ಬಳಿಗೆ ತರಲೇಬಾರದು. ಕಾಲಕ್ರಮದಲ್ಲಿ ಅವುಗಳಿಂದ ಹೊರಡುವ ಹಬೆಯು ಪಕ್ಕದ ವಸ್ತುಗಳನ್ನೂ ಕೆಡಿಸುವುದರಿಂದ ಬೇರೆಯಾಗಿ, ಗಾಳಿಯಾಡುವಂತೆ ಇಡಬೇಕು.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿದ ಮೇಲೆ ಅವಸರಪಡದೆ, ಒಂದು ದಿನ ನೆರಳಿನ ಗಾಳಿಗೆ ಬಿಟ್ಟು, ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿರಿ. ಅಚ್ಚಿನ ಮಸಿ ಅಂಟುವುದರಿಂದ ವೃತ್ತಪತ್ರಿಕೆ ಬೇಡ. ಒಣಗಿದ ಬೇವಿನೆಲೆಯನ್ನು ಹಾಕಬಹುದು. ನುಸಿಗುಳಿಗೆಗಳು ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿಬಿಡುತ್ತವೆ. ಒಂದು ಕಥೆಯವರೆಲ್ಲ ಒಂದೇ ಗಂಟಿನಲ್ಲಿರಲಿ.

ಒಕ್ಕಣ್ಣಿನ ಗೌರಿಗೆ ಕಣ್ಣು ಬರೆಸುವಿರಾ ಎಂದು ಬಂದವರು ಕೇಳುವರು. ಬರೆಸಿಲ್ಲ. ಸೋದರತ್ತೆಯವರು ಹೆಸರು ಹೇಳದೆ ಉಳಿದ ಆ 12 ಬೊಂಬೆಗಳನ್ನು ಪ್ರತಿವರ್ಷವೂ ಎರಡನೆಯ ಮೆಟ್ಟಿಲಿನ ತುದಿಯಲ್ಲಿ ಒಟ್ಟಿಗೆ ಕೂರಿಸುತ್ತೇವೆ. ಕುಂಕುಮಕ್ಕೆ ಬಂದ ಹಿರಿಯರನ್ನೆಲ್ಲ ಅವುಗಳ ಮುಂದೆ ನಿಲ್ಲಿಸಿ ಕೇಳುತ್ತೇವೆ. ಕಳೆದ ದಸರೆಯಲ್ಲಿ ಕಡೂರಿನಿಂದ ಬಂದ ವೃದ್ಧೆಯೊಬ್ಬರು, ತಲೆಯ ಮೇಲೆ ಬುಟ್ಟಿಯನ್ನು ಹೊತ್ತ ಗಂಡುಬೊಂಬೆಯನ್ನು ಬಹಳ ಹೊತ್ತು ನೋಡಿ, "ಇವನು ವಸುದೇವನಲ್ಲವೇ ತಾಯಿ? ಬುಟ್ಟಿಯೊಳಗೆ ಕೂಸಿರಬೇಕು, ಪೆಟ್ಟಿಗೆಯ ತಳದಲ್ಲಿ ಹುಡುಕಿ ನೋಡಿ" ಎಂದರು. ಹುಡುಕಿದೆವು. ಹೆಬ್ಬೆರಳಿನಷ್ಟು ಗಾತ್ರದ ನೀಲಿಯ ಕೂಸು, ಹತ್ತಿಯ ಉಂಡೆಯೊಂದರೊಳಗೆ ಸಿಕ್ಕಿತು. ಈಗ ಹನ್ನೊಂದು ಉಳಿದಿವೆ.