ಆಂಬುಲೆನ್ಸ್‌ಗಿಂತ ಮುಂಚೆ ರಿಪೋರ್ಟ್ ಹೋಗ್ಬೇಕು (ಭಾಗ 3)

ಹಿಂದಿನ ಪೋಸ್ಟ್‌ಗೆ ತುಂಬಾ ಜನ "ಮೊದ್ಲು ಆಸ್ಪತ್ರೆ ಬರ್ಲಿ, ಇಮೇಲ್ ಮಾತು ಆಮೇಲೆ" ಅಂದ್ರಿ. ಒಪ್ತೇನೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಅಪಘಾತವಾಗಿ ನಾಲ್ವರು ತೀರಿಕೊಂಡಾಗ ನಮ್ಮೆಲ್ಲರ ಸ್ಟೇಟಸ್‌ನಲ್ಲೂ ಅದೇ ಬೇಡಿಕೆ ಇತ್ತು.

ಆದ್ರೆ ಅದು ಕಟ್ಟಿ ಮುಗಿಯೋವರೆಗೆ ಭಟ್ಕಳ, ಹೊನ್ನಾವರ, ಕುಮಟಾದವ್ರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡೋದು ತಪ್ಪಲ್ಲ. ರೋಗಿ ಜೊತೆ ರಿಪೋರ್ಟೂ ಓಡ್ಬೇಕು. ಅದು ಹೇಗೆ ಓಡ್ತದೆ ಗೊತ್ತಾ?

ನಮ್ಮ ದೊಡ್ಡಪ್ಪಂಗೆ ಎದೆನೋವು ಬಂದಾಗ ಇಲ್ಲಿಯ ಒಂದು ಆಸ್ಪತ್ರೆಯವ್ರು ಚೀಟಿಯ ಫೋಟೋ ಅಣ್ಣನ ವಾಟ್ಸಾಪ್‌ಗೆ ಹಾಕಿದ್ರು. ಅಣ್ಣನಿಂದ ಡ್ರೈವರ್‌ಗೆ, ಡ್ರೈವರ್‌ನಿಂದ ಆ ಕಡೆಯ ಯಾರಿಗೋ. ಯಾವ ಮಾತ್ರೆ ಎಷ್ಟೊತ್ತಿಗೆ ಕೊಟ್ರು ಅನ್ನೋ ಸಾಲು ಮಾತ್ರ ಚೀಟಿ ಮಡಚಿದ ಜಾಗದಲ್ಲಿ ಮಸುಕು! ಅಲ್ಲಿನ ಡಾಕ್ಟ್ರು ಫೋನ್ ಮಾಡಿ ತಿಳ್ಕೊಳ್ಳೋದ್ರಲ್ಲೇ ಇಪ್ಪತ್ತು ನಿಮಿಷ. ದೊಡ್ಡಪ್ಪ ಈಗ ಆರಾಮ ಇದ್ದಾರೆ. ಆದ್ರೆ ಆ ಫೋಟೋ ಫ್ಯಾಮಿಲಿ ಗ್ರೂಪ್ ದಾಟಿ ಪಕ್ಕದ ಕೇರಿಗೂ ಹೋಗಿತ್ತು. ಮೀನು ಮಾರ್ಕೆಟ್‌ನಲ್ಲಿ ಒಬ್ರು ಅವರ ಶುಗರ್ ಎಷ್ಟು ಅಂತ ಅವರಿಗೇ ಹೇಳಿದ್ರು.

ನಗು ಬರ್ತದೆ, ನಿಜ. ಅದೇ ಚೀಟಿ ಟಿಬಿದೋ, ಮದುವೆ ಗೊತ್ತಾದ ಹುಡುಗಿಯದ್ದೋ ಆಗಿದ್ರೆ?

"ವಾಟ್ಸಾಪ್ ಎನ್‌ಕ್ರಿಪ್ಟೆಡ್ ಅಲ್ವಾ?" ಹೌದು, ದಾರಿಯಲ್ಲಿ. ತಲುಪಿದ ಮೇಲೆ ಗ್ಯಾಲರಿಯಲ್ಲಿ ಬಿದ್ದಿರ್ತದೆ. ಹಾಗಂತ ಮಾಮೂಲಿ ಇಮೇಲ್ ಕೂಡ ದೊಡ್ಡ ಸಾಚಾ ಅಲ್ಲ. ಕೌಂಟರ್‌ನಲ್ಲಿ ಕೂತ ಎಲ್ರಿಗೂ ಪಾಸ್‌ವರ್ಡ್ ಗೊತ್ತಿರೋ ಒಂದು ಜಿಮೇಲ್‌ಗೆ ಕಳಿಸಿ ಏನು ಬಂತು? ನಾನು ಕೇಳೋದು ಇಷ್ಟೇ. ಆಸ್ಪತ್ರೆಗೆ ಸ್ವಂತ ಇಮೇಲ್ ಇರ್ಲಿ, ನೆಟ್ಟಗೆ ಸ್ಕ್ಯಾನ್ ಮಾಡಿ ಲಾಕ್ ಹಾಕಿದ ಪಿಡಿಎಫ್ ಹೋಗ್ಲಿ, ಪಾಸ್‌ವರ್ಡನ್ನು ಡಾಕ್ಟ್ರು ಡಾಕ್ಟ್ರಿಗೇ ಫೋನಲ್ಲಿ ಹೇಳ್ಲಿ. ಸಬ್ಜೆಕ್ಟ್ ಲೈನ್‌ನಲ್ಲಿ ಹೆಸರು, ಕಾಯಿಲೆ ಬೇಡ. ಪಿಡಿಎಫ್‌ಗೆ ಹಾಕಿದ ಲಾಕ್ ಅದನ್ನ ಮುಚ್ಚೋದಿಲ್ಲ.

14 ಅಂಕಿಯ ಆಭಾ ನಂಬರ್, 2021ರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇರೋದೇ ರೋಗಿ ಒಪ್ಪಿದ್ರೆ ದಾಖಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗ್ಲಿ ಅಂತ. ಒಳ್ಳೇದೇ. ಆದ್ರೆ ಕೈಬರಹದ ಚೀಟಿ ಕೊಡೋ ಕ್ಲಿನಿಕ್ ಅಲ್ಲಿಗೆ ಮುಟ್ಟೋಕೆ ಟೈಮ್ ಬೇಕು. ಎದೆನೋವು ಕಾಯ್ತದಾ?

ನರ್ಸಿಂಗ್, ಲ್ಯಾಬ್ ಓದ್ತಿರೋ ಕ್ಲಾಸ್‌ಮೇಟ್ಸ್, ನಿಮ್ಮ ಪೋಸ್ಟಿಂಗ್ ಕಡೆ ರೆಫರ್ ಮಾಡುವಾಗ ರಿಪೋರ್ಟ್ ಹೇಗೆ ಕಳಿಸ್ತಾರೆ? ಕಾಮೆಂಟ್‌ನಲ್ಲಿ ಬರೀರಿ. ರೋಗಿ ಹೆಸರು ಮಾತ್ರ ಹಾಕ್ಬೇಡಿ ಮಾರಾಯ್ರೇ.

#ಉತ್ತರಕನ್ನಡ #ಹೊನ್ನಾವರ #ಭಟ್ಕಳ #ಕುಮಟಾ