ಬಾಟಲಿಗೆ ಕಾವಲು ಯಾರು?

ಮೇಲ್ಹೊಟ್ಟೆಯಲ್ಲಿ ಇರಿದಂಥ ನೋವು, ಅದು ಬೆನ್ನಿಗೆ ಹಾಯುವುದು, ಮೇಲಿಂದ ಮೇಲೆ ವಾಂತಿ. ಹೀಗಾದರೆ ನಮ್ಮ ಜನ ಆಡುವ ಮಾತು ಎರಡೇ: 'ಗ್ಯಾಸು, ಸೋಡಾ ಕುಡಿ' ಅಥವಾ 'ಹಾರ್ಟ್ ಅಟ್ಯಾಕು'. ಮೂರನೆಯದೂ ಒಂದಿದೆ: ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ. ಜಠರದ ಹಿಂದೆ ಅಡಗಿರುವ ಈ ಗ್ರಂಥಿಯ ರಸ ಕರುಳಿಗಿಳಿದು ಅನ್ನ ಕರಗಿಸುವ ಬದಲು ಗ್ರಂಥಿಯನ್ನೇ ಸುಡತೊಡಗುತ್ತದೆ. ಪಿತ್ತಕೋಶದ ಕಲ್ಲು ಮತ್ತು ಕುಡಿತ ಇದರ ದೊಡ್ಡ ಕಾರಣಗಳು. ಎಂದೂ ಕುಡಿಯದವರಿಗೂ ಬರುತ್ತದೆ. ವಾರ್ಡಿನಲ್ಲಿ ಮಲಗಿದ ಬಡವರನ್ನೆಲ್ಲ ಕುಡುಕರೆಂದು ಗದರುವವರು ಇದನ್ನರಿಯಲಿ.

ಹೊಟ್ಟೆಯ ಈ ಬೆಂಕಿ ಹೃದಯವನ್ನೂ ಬಿಡುವುದಿಲ್ಲ. ರಕ್ತನಾಳಗಳು ಸೋರಿ ರಕ್ತದ ನೀರಿನಂಶ ಹೊರಗಿಳಿಯುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ನಾಡಿ ಓಟ ಕೀಳುತ್ತದೆ. ಕ್ಯಾಲ್ಸಿಯಂ, ಪೊಟ್ಯಾಸಿಯಂ ಏರುಪೇರಾದರೆ ಬಡಿತದ ಲಯವೇ ತಪ್ಪೀತು. ಕೆಲವರಿಗೆ ಹೃದಯದ ಸುತ್ತಣ ಚೀಲದಲ್ಲಿ ನೀರು ತುಂಬುತ್ತದೆ. ಹೃದಯದ ರಕ್ತನಾಳ ಮುಚ್ಚಿರದಿದ್ದರೂ ಕೆಲವರ ಇ.ಸಿ.ಜಿ. ಪಟ್ಟಿ ಥೇಟು ಹಾರ್ಟ್ ಅಟ್ಯಾಕಿನಂತೆ ಕಾಣುವುದುಂಟು. ಅದೊಂದನ್ನೇ ನಂಬಿ ಹೆಪ್ಪು ಕರಗಿಸುವ ಸೂಜಿ ಚುಚ್ಚಿದರೆ ಒಳಗೆ ರಕ್ತ ಹರಿಯುವ ಅಪಾಯ. ಇದು ಹೃದಯವೋ ಹೊಟ್ಟೆಯೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ; ಕೂಡಲೇ ಆಸ್ಪತ್ರೆ ಸೇರಬೇಕು, ಅಲ್ಲಿ ಲೈಪೇಸ್, ಟ್ರೋಪೊನಿನ್ ಎಂಬ ರಕ್ತಪರೀಕ್ಷೆಗಳು ರಾತ್ರಿಯಲ್ಲೂ ನಡೆಯಬೇಕು.

ಚಿಕಿತ್ಸೆಯಲ್ಲಿ ಮುಖ್ಯವಾದುದು ನರಕ್ಕೆ ಏರಿಸುವ ಡ್ರಿಪ್ಪು. ಹೆಚ್ಚು ಸುರಿದಷ್ಟೂ ಒಳ್ಳೆಯದೆಂದು ಬಹುಕಾಲ ನಂಬಿದ್ದರು. ಸ್ಪೇನ್, ಇಟಲಿ, ಮೆಕ್ಸಿಕೊ ಮತ್ತು ನಮ್ಮ ಭಾರತದ ಆಸ್ಪತ್ರೆಗಳಲ್ಲಿ 249 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆ ಈ ನಂಬಿಕೆಯನ್ನು ಮುರಿಯಿತು. ರಭಸದಿಂದ ಏರಿಸಿದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮೈಯಲ್ಲಿ ನೀರು ಮಿತಿಮೀರಿತು. ಹದವಾಗಿ ಕೊಟ್ಟವರಲ್ಲಿ ಸುಮಾರು 6 ಮಂದಿಗೆ ಮಾತ್ರ. ಕಾಯಿಲೆಯೇನೂ ಹಗುರಾಗಲಿಲ್ಲವಾಗಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು.

ನೀರು ಕಡಮೆಯಾದರೆ ಹೃದಯ ಸೋಲುತ್ತದೆ, ಹೆಚ್ಚಾದರೆ ಉಸಿರು ಕಟ್ಟುತ್ತದೆ. ಹಾಗಾದರೆ ಹದ ನೋಡುವವರು ಯಾರು? ಬಾಟಲಿ ತಾನೇ ನೋಡುವುದಿಲ್ಲ. ನಾಡಿ, ರಕ್ತದೊತ್ತಡ, ಮೂತ್ರ, ಉಸಿರು ಇವನ್ನು ಮತ್ತೆ ಮತ್ತೆ ಅಳೆಯುವ ದಾದಿ ಬೇಕು. ಹೃದಯ-ರಕ್ತಪರಿಚಲನೆ, ಶ್ವಾಸಕೋಶ ಅಥವಾ ಮೂತ್ರಪಿಂಡದ ಸೋಲು 48 ಗಂಟೆ ಮೀರಿದರೆ ಕಾಯಿಲೆ ಅತಿ ತೀವ್ರವೆಂದು 2012ರಲ್ಲಿ ವೈದ್ಯರು ಗೆರೆ ಎಳೆದಿದ್ದಾರೆ. ಆ ಎರಡು ಹಗಲು ಎರಡು ರಾತ್ರಿ ಕಾವಲಿರಬೇಕಾದವರನ್ನು ಗುತ್ತಿಗೆಯ ಮೇಲೆ, ಎಣಿಕೆಗೂ ಸಾಲದಷ್ಟು ಇಟ್ಟುಕೊಳ್ಳುವುದು ಎಂಥ ಮಿತವ್ಯಯ? ಒಬ್ಬನ ಮೇಲೆ ಎರಡಾಳಿನ ಮಗ್ಗ ಹೇರಿದರೆ ಏನಾಗುತ್ತದೆಂದು ಗಿರಣಿಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ನೂಲು ಹರಿದರೆ ಗಂಟು ಹಾಕಬಹುದು.

ಹಣವಂತರು ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಓಡುತ್ತಾರೆ. ಅಂಗಡಿಯ ಬಾಗಿಲು ಹಾಕಿ ಬಂದ ಚಿಲ್ಲರೆ ವ್ಯಾಪಾರಿಗೆ, ಇ.ಎಸ್.ಐ.ಗೆಂದು ಕೂಲಿಯಲ್ಲಿ ಹಣ ಮುರಿಸಿಕೊಂಡ ಕಾರ್ಮಿಕನಿಗೆ ಆ ದಾರಿಯಿಲ್ಲ. ಮುಂದೆ ಯಾವ ಮಂತ್ರಿಗಳು ಹೊಸ ಯಂತ್ರದ ಉದ್ಘಾಟನೆಗೆಂದು ನಿಮ್ಮ ಆಸ್ಪತ್ರೆಗೆ ಬಂದರೂ ಹಾರ ಹಾಕುವ ಮೊದಲು ಕೇಳಿರಿ: ಸ್ವಾಮೀ, ರಾತ್ರಿ ಪಾಳಿಯಲ್ಲಿ ಎಷ್ಟು ಹಾಸಿಗೆಗೆ ಎಷ್ಟು ದಾದಿಯರು?