ಒಳಗ ಸಾಬಾನ ಹಚ್ಚಬ್ಯಾಡ್ರಿ

ಈ ಸಲ ಅಡಗಿ ವಿಷಯ ಅಲ್ರಿ. ನಾವು ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಸಹಿಸೋ ವಿಷಯ.

ಮುಟ್ಟು ನಿಂತು ಎರಡು ವರ್ಷ ಆದಮ್ಯಾಲೆ ನನಗ ಕೆಳಗ ಉರಿ, ತುರಿಕಿ ಶುರು ಆತು. ಸ್ವಚ್ಛ ಸಾಲವಲ್ದು ಅಂತ ತಿಳದು ದಿನಾ ಎರಡು ಸಲ ಒಳಗಿನ ತನಕ ಸಾಬಾನ ಹಚ್ಚಿ ತೊಳದೆ. ತೊಳದಷ್ಟೂ ಉರಿ ಹೆಚ್ಚಾತು. ಮನಿಯವರ ಮುಂದ ಹೇಳೂದು ದೂರದ ಮಾತು, ಸೊಸಿ ಮುಂದೂ ನಾಚಿಕಿ. ನಾಕು ತಿಂಗಳು ಹಂಗ ಕಳದೆ. ಕಡೀಕೆ ಸೊಸೀನ ಗುರ್ತು ಹಿಡದು ಲೇಡಿ ಡಾಕ್ಟರ ಕಡೆ ಕರ್ಕೊಂಡು ಹೋದ್ಲು. ಅವರು ಕೇಳಿದ ಮೊದಲನೇ ಮಾತು, "ಒಳಗ ಸಾಬಾನ ಹಚ್ತೀರೇನ್ರಿ?"

ಅವತ್ತು ನನಗ ತಿಳೀತು. ಯೋನಿ ಒಳಗ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ ಇರ್ತಾವ. 1892ರಾಗನ ಡೋಡರ್‌ಲೈನ್ ಅನ್ನೋ ಜರ್ಮನಿ ಡಾಕ್ಟರು ಇವುಗಳ ಬಗ್ಗೆ ಬರದಾರ. ಅಲ್ಲಿನ ಪದರಿನ್ಯಾಗಿನ ಸಕ್ಕರಿ ಅಂಶ ತಿಂದು ಇವು ಲ್ಯಾಕ್ಟಿಕ್ ಆಮ್ಲ ಮಾಡ್ತಾವ. ಮಸರು ಹುಳಿ ಆಗೂದೂ ಅದ ಆಮ್ಲದಿಂದ. ಮುಟ್ಟಾಗೋ ವಯಸ್ಸಿನಾಗ ಒಳಗಿನ ಪಿಎಚ್ ಸಾಮಾನ್ಯ 3.8ರಿಂದ 4.5 ಇರ್ತದ. ಆ ಹುಳಿಯೊಳಗ ಭಾಳಷ್ಟು ಕೆಟ್ಟ ಜಂತು ಬೆಳಿಯೂದಿಲ್ಲ. ಸಾಬಾನ ಆ ಹುಳಿ ಮುರೀತದ. ಮುಟ್ಟು ನಿಂತಮ್ಯಾಲೆ ಈಸ್ಟ್ರೋಜನ್ ಇಳೀತದ, ಈ ಬ್ಯಾಕ್ಟೀರಿಯಾಕ್ಕ ಊಟನೂ ಕಡಿಮಿ ಆಗ್ತದ. ಅದಕ್ಕ ಒಣಗೂದು, ಉರಿಯೂದು, ಮತ್ತ ಮತ್ತ ಉಚ್ಚಿ ಸೋಂಕು. ನನ್ನ ಮೈ ಹೊಲಸಾಗಿರ್ಲಿಲ್ಲ, ವಯಸ್ಸಾಗಿತ್ತು ಅಷ್ಟ.

ನಾಳಿಗೆ ಹೆಪ್ಪು ಬೇಕಂತ ಒಂದು ಚಮಚ ಮಸರು ಎತ್ತಿಡೋರು ನಾವು. ಮೈಯೊಳಗಿನ ಹೆಪ್ಪು ಮಾತ್ರ ತಿಕ್ಕಿ ತೊಳೀತೀವಿ. ಹೆಣ್ಣಿನ ಮೈ ಹೊಲಸು ಅಂತ ಸಣ್ಣಾಗಿನಿಂದ ಕೇಳಿದ್ದಕ್ಕ ಹಿಂಗಾತು ಅಂತ ನನಗ ಅನಸ್ತದ. ಅದ ನಾಚಿಕಿ ಮ್ಯಾಲೆ ಪರಿಮಳದ ಬಾಟ್ಲಿನೂ ಮಾರ್ತಾರ. ಒಳಗ ಯಾವುದೂ ಬ್ಯಾಡ. ಹೊರಗ ಬರೇ ನೀರು ಸಾಕು.

"ಹಂಗಾರ ಮಸರು ತಿಂದ್ರ ಆತಲ್ಲಾ?" ಅಂದ್ರು ಬಾಜೂಮನಿ ವೈನಿ. ತಿನ್ರಿ, ಹೊಟ್ಟಿಗೆ ಒಳ್ಳೇದು. ಆದ್ರ ಮಸರಿನ ಬ್ಯಾಕ್ಟೀರಿಯಾ ಬ್ಯಾರೆ ಜಾತಿ, ಅದು ಈ ರೋಗಕ್ಕ ಔಷಧ ಅಲ್ಲ. ಒಳಗ ಹಚ್ಚೂದಂತೂ ಬ್ಯಾಡೇ ಬ್ಯಾಡ.

ದಿನಾ ಸ್ವಲ್ಪ ಬಿಳಿ ಹೋದ್ರ ಹೆದರಬ್ಯಾಡ್ರಿ, ಅದರಿಂದ ಶಕ್ತಿ ಸೋರೂದಿಲ್ಲ. ತೆಳ್ಳಗ ಬೂದುಬಣ್ಣ, ಮೀನಿನ ವಾಸನಿ ಇದ್ರ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು. ಮಸರಗಡ್ಡಿಯಂಗ ಹೋಗಿ ತುರಿಕಿ ಇದ್ರ ಬೂಷ್ಟಿನ ಸೋಂಕು ಇರಬಹುದು. ಆ್ಯಂಟಿಬಯಾಟಿಕ್ ತೊಗೊಂಡಾಗ, ಸಕ್ಕರಿ ಕಾಯಿಲೆ ಇದ್ದಾಗ ಇದು ಬರೂದು ಜಾಸ್ತಿ. ಎರಡಕ್ಕೂ ಔಷಧ ಬ್ಯಾರೆ, ಅದಕ್ಕ ಔಷಧ ಅಂಗಡ್ಯಾಗ ಕೇಳಿ ತರಬ್ಯಾಡ್ರಿ, ತೋರಿಸ್ರಿ. ಮುಟ್ಟು ನಿಂತಮ್ಯಾಲೆ ರಕ್ತ ಕಂಡ್ರಂತೂ ಒಂದು ದಿನಾನೂ ತಡ ಮಾಡಬ್ಯಾಡ್ರಿ.

ನನಗ ಡಾಕ್ಟರು ಹಚ್ಚಿಕೊಳ್ಳೋ ಔಷಧ ಕೊಟ್ರು, ಸಾಬಾನ ಬಿಟ್ಟೆ, ಆರಾಮ ಆತು. ನಾಕು ತಿಂಗಳು ಸುಮ್ಮನ ಕೂತಿದ್ದಕ್ಕ ಇವತ್ತಿಗೂ ಹಳಹಳಿ ಅದ. ನೀವು ಹಂಗ ಕೂಡಬ್ಯಾಡ್ರಿ. ಮಗಳಿಗೆ, ಸೊಸಿಗೆ ಹೇಳ್ರಿ, ಅವರು ಹೇಳಿದ್ರ ಕೇಳ್ರಿ.